ಮೇನ್ ಹಾಕುವ ಮೊದಲು

ಶಿರ್ವದಿಂದ ಕಟಪಾಡಿಗೆ ಹೋಗುವ ಬಸ್ಸು ಹತ್ತಿದರೆ ಶಂಕರಪುರ ತಲುಪುವ ಮುಂಚೆ ಬಂಟಕಲ್ಲು ಸಿಗುತ್ತದೆ. ದುರ್ಗಾಪರಮೇಶ್ವರಿ ದೇವಸ್ಥಾನದಿಂದಾಗಿ ಸುತ್ತಲಿನವರಿಗೆಲ್ಲ ಗೊತ್ತಿದ್ದ ಈ ಊರಿನ ಹೆಸರು ಘಟ್ಟದ ಮೇಲಿನವರಿಗೂ ಪರಿಚಯವಾದದ್ದು 2010ರಲ್ಲಿ, ಸೋದೆ ವಾದಿರಾಜ ಮಠದ ಟ್ರಸ್ಟು ಇಲ್ಲಿ ಶ್ರೀ ಮಧ್ವ ವಾದಿರಾಜ ಎಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ. ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವಿಟಿಯು ಇಟ್ಟ ಪಠ್ಯವೇ ಇಲ್ಲಿಯ ಪಠ್ಯವಾಗಿತ್ತು. ಆಗಿನ ಪಠ್ಯದಲ್ಲಿ ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಎನ್ನದೆ ಮೊದಲ ವರ್ಷದವರೆಲ್ಲ ಬೇಸಿಕ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲೇಬೇಕಿತ್ತು. ಓದಿದ್ದನ್ನು ಮಾಡಿ ನೋಡಲು ಮಾತ್ರ ಲ್ಯಾಬ್ ಇರಲಿಲ್ಲ. ಭೌತಶಾಸ್ತ್ರಕ್ಕೆ ಲ್ಯಾಬಿತ್ತು, ರಸಾಯನಶಾಸ್ತ್ರಕ್ಕೆ ಇತ್ತು, ಕಬ್ಬಿಣ ಉಜ್ಜಲು ವರ್ಕ್‌ಶಾಪಿತ್ತು, ಸಿ ಪ್ರೋಗ್ರಾಮಿಂಗಿಗೆ ಕಂಪ್ಯೂಟರ್ ಇತ್ತು. ಕರೆಂಟು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮಾತ್ರ ಹರಿಯುತ್ತಿತ್ತು.

2018ರ ಸ್ಕೀಮಿನಲ್ಲಿ, ಅಂದರೆ ವಿಟಿಯುವಿನ ಹೊಸ ಪಠ್ಯಕ್ರಮದಲ್ಲಿ, ಈ ಕೊರತೆ ತುಂಬಿತು. ಮೊದಲ ವರ್ಷದ ಎಲ್ಲ ಶಾಖೆಗಳಿಗೂ ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬ್ ಕಡ್ಡಾಯವಾಯಿತು. ಆ ವರ್ಷ ಎಂಜಿನಿಯರಿಂಗ್ ಸೇರಿದ ನನ್ನ ತಂಗಿಯ ಮಗ ಒಂದು ಭಾನುವಾರ ತನ್ನ ರೆಕಾರ್ಡ್ ಪುಸ್ತಕ ತಂದು ನನ್ನ ಮುಂದಿಟ್ಟ. ನಾನು ಮಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಈ ಭಾಗದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ದುಡಿದು ನಿವೃತ್ತನಾದವನು. ಪುಟ ತಿರುಗಿಸುತ್ತಾ ಹೋದಂತೆ ನನಗೆ ಖುಷಿಯಾಯಿತು. ಕಿರ್ಚಾಫನ ಎರಡು ನಿಯಮಗಳು. ಮಾಮೂಲಿ ಬಲ್ಬು, ಟ್ಯೂಬ್‌ಲೈಟು, ಎಲ್‌ಇಡಿ ಮೂರೂ ಎಳೆಯುವ ಕರೆಂಟಿನ ಲೆಕ್ಕ. ಮೂರು ವೋಲ್ಟ್‌ಮೀಟರ್ ಇಟ್ಟು ಚೋಕ್ ಕಾಯಿಲನ್ನು ಅಳೆಯುವುದು. ಸ್ಟಾರ್ ಮತ್ತು ಡೆಲ್ಟಾ. ಎರಡು ವಾಟ್‌ಮೀಟರಿನಿಂದ ಮೂರು ಫೇಸಿನ ಪವರ್. ಮಹಡಿಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್. ಅರ್ತ್ ರೆಸಿಸ್ಟೆನ್ಸ್. ಫ್ಯೂಸ್ ಎಷ್ಟು ಹೊತ್ತಿಗೆ ಕರಗುತ್ತದೆ ಎಂಬ ಗ್ರಾಫ್. ಒಂದೊಂದೂ ಮನೆಯ ಮೀಟರ್ ಬೋರ್ಡಿನಿಂದ ಎದ್ದು ಬಂದ ಪ್ರಯೋಗ. ಸಿವಿಲ್ ಓದುವ ಹುಡುಗನಿಗೂ ಕಂಪ್ಯೂಟರ್ ಓದುವ ಹುಡುಗಿಗೂ ಜೀವನಪೂರ್ತಿ ಬೇಕಾಗುವಂಥದ್ದು.

ಈ ಪಟ್ಟಿಗೆ ಒಂದು ಚರಿತ್ರೆಯಿದೆ. ಮಕ್ಕಳಿಗೆ ಅದನ್ನು ಈಗ ಯಾರೂ ಹೇಳುವುದಿಲ್ಲ. ಕಿರ್ಚಾಫ್ ತನ್ನ ನಿಯಮಗಳನ್ನು ಪ್ರಕಟಿಸಿದ್ದು 1845ರಲ್ಲಿ, ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಆಗ ಅವನ ವಯಸ್ಸು 21. ಅಂದರೆ ನಮ್ಮ ಹುಡುಗರು ಡಿಗ್ರಿ ಮುಗಿಸುವ ವಯಸ್ಸು. ಮೂರು ವೋಲ್ಟ್‌ಮೀಟರಿನ ವಿಧಾನದ ಕತೆ ಇನ್ನೂ ಸ್ವಾರಸ್ಯದ್ದು. ಅದು 1891ರಲ್ಲಿ ಐರ್ಟನ್ ಮತ್ತು ಸಂಪ್ನರ್ ಎಂಬ ಇಬ್ಬರು ಇಂಗ್ಲಿಷರು ತೋರಿಸಿಕೊಟ್ಟ ದಾರಿ. ವಿಲಿಯಂ ಐರ್ಟನ್ ಗ್ಲಾಸ್ಗೋದಲ್ಲಿ ಲಾರ್ಡ್ ಕೆಲ್ವಿನ್ ಹತ್ತಿರ ಕಲಿತು, 1868ರಲ್ಲಿ ಕೆಲಸಕ್ಕೆ ಬಂದದ್ದು ನಮ್ಮ ದೇಶಕ್ಕೇ, ಸರ್ಕಾರದ ಟೆಲಿಗ್ರಾಫ್ ಇಲಾಖೆಗೆ. ಮೈಲುಗಟ್ಟಲೆ ಉದ್ದದ ತಂತಿಯಲ್ಲಿ ದೋಷ ಎಲ್ಲಿದೆ ಎಂದು ಒಂದು ತುದಿಯಲ್ಲೇ ಕುಳಿತು ಅಳೆದು ಹೇಳುವುದು ಅವರ ಕೆಲಸ. ಇಲ್ಲಿಂದ ಹೋದವರು 1873ರಲ್ಲಿ ಜಪಾನಿನ ಟೋಕಿಯೋದಲ್ಲಿ ಮೇಷ್ಟ್ರಾದರು. ಅಲ್ಲಿಯ ಇಂಪೀರಿಯಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಟ್ಟಿದ ಪ್ರಯೋಗಾಲಯವನ್ನು ವಿದ್ಯುತ್ ಕಲಿಸಲೆಂದೇ ಹುಟ್ಟಿದ ಲ್ಯಾಬುಗಳ ಮೊದಲ ಸಾಲಿನಲ್ಲಿ ಎಣಿಸುತ್ತಾರೆ. 1878ರ ಮಾರ್ಚ್ 25ರಂದು ಅವರು ಟೋಕಿಯೋದಲ್ಲಿ ಆರ್ಕ್ ದೀಪ ಹೊತ್ತಿಸಿದರು. ಜಪಾನಿನಲ್ಲಿ ಇವತ್ತಿಗೂ ಆ ದಿನವನ್ನು ವಿದ್ಯುತ್ ದಿನವೆಂದು ಆಚರಿಸುತ್ತಾರೆ. ಮುಂದೆ ಲಂಡನ್ನಿನ ಫಿನ್ಸ್‌ಬರಿಯಲ್ಲಿ, ಹಗಲು ದುಡಿದು ಸಂಜೆ ಬರುವ ಕೆಲಸಗಾರರಿಗೂ ಅವರು ಇದೇ ಪಾಠ ಮಾಡಿದರು. ಪುಸ್ತಕ ಓದಿಸಿ ಆಮೇಲೆ ಉಪಕರಣ ತೋರಿಸುವುದಲ್ಲ, ಉಪಕರಣ ಕೈಗೆ ಕೊಟ್ಟು ಅದರಿಂದಲೇ ಪಾಠ ತೆಗೆಯಬೇಕು ಎಂಬುದು ಅವರ ಹಟ. ಎತ್ತಿಕೊಂಡು ಹೋಗಬಹುದಾದ ಅಮ್ಮೀಟರ್‌ಗಳನ್ನು ತಮ್ಮ ಸಹೋದ್ಯೋಗಿ ಪೆರಿಯವರ ಜೊತೆ ಸೇರಿ ಮಾಡಿದವರೂ ಅವರೇ.

ಭಾರತದ ಟೆಲಿಗ್ರಾಫ್ ಕಂಬಗಳ ಕೆಳಗೆ ಕೆಲಸ ಕಲಿತವನೊಬ್ಬ ಟೋಕಿಯೋ, ಲಂಡನ್ ಸುತ್ತಿ ಕೊಟ್ಟ ಒಂದು ವಿಧಾನ ಬಂಟಕಲ್ಲಿನ ಬೆಂಚಿನ ಮೇಲೆ ಬಂದು ಕುಳಿತಿದೆ. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಪ್ರಯೋಗದ ನಂಬರು ಇದೆ, ಹೆಸರಿಲ್ಲ. ನಾನು ಸಂಬಳ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಪ್ರತಿ ಹೊಸ ಬ್ಯಾಚಿಗೂ ಈ ಕತೆ ಹೇಳುತ್ತಿದ್ದೆ. ಕೇಳಿದ ಮಕ್ಕಳು ಮೀಟರನ್ನು ಸ್ವಲ್ಪ ಮರ್ಯಾದೆಯಿಂದ ಮುಟ್ಟುತ್ತಿದ್ದರು.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಬೆಂಗಳೂರಿನ ದಾರಿಯಿಂದ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1911ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಇಂದಿನ ಐಐಎಸ್‌ಸಿ) ಪಾಠ ಶುರುಮಾಡಿದಾಗ ಮೊದಲ ವಿಭಾಗಗಳಲ್ಲೇ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಒಂದು. ಆಲ್‌ಫ್ರೆಡ್ ಹೇ ಅದರ ಪ್ರೊಫೆಸರ್. ಮೈಸೂರು ಸಂಸ್ಥಾನ ಹೀಗೆ ಮುಂದೆ ಹೋಗುತ್ತಿದ್ದಾಗ ನಮ್ಮ ಕರಾವಳಿ ಮದ್ರಾಸು ಪ್ರಾಂತ್ಯದ ಒಂದು ಮೂಲೆ. ಎಂಜಿನಿಯರಿಂಗ್ ಕಲಿಯಬೇಕಾದರೆ ಮದ್ರಾಸಿನ ಗಿಂಡಿಗೆ ಹೋಗಬೇಕು. ಎಷ್ಟು ಮನೆಗಳಿಗೆ ಅದು ಸಾಧ್ಯ? 1946ರಲ್ಲಿ ಮಂಗಳೂರಿನಲ್ಲಿ ಪಾಲಿಟೆಕ್ನಿಕ್ ತೆರೆದದ್ದು ಈ ದೃಷ್ಟಿಯಿಂದ ದೊಡ್ಡ ಘಟನೆ. ಇವತ್ತು ಕೆಪಿಟಿ ಎಂದರೆ ಹೆದ್ದಾರಿಯ ಒಂದು ಜಂಕ್ಷನ್ ಎಂದಷ್ಟೇ ತಿಳಿದವರಿದ್ದಾರೆ. ಆದರೆ ಕುಂದಾಪುರದಿಂದ ಕಾಸರಗೋಡಿನವರೆಗೆ ಸಬ್‌ಸ್ಟೇಷನ್, ಗೇರುಬೀಜದ ಕಾರ್ಖಾನೆ, ಹೆಂಚಿನ ಕಾರ್ಖಾನೆ, ಐಸ್ ಪ್ಲಾಂಟುಗಳನ್ನು ನಡೆಸಿದ ಎಷ್ಟೋ ಕೈಗಳು ಅಲ್ಲಿ ಪಳಗಿದವು.

1957ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಮುರಕಲ್ಲಿನ ಗುಡ್ಡದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಆಗ ಅದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆ. 1960ರಲ್ಲಿ ಯು. ಶ್ರೀನಿವಾಸ ಮಲ್ಯ, ವಿ.ಎಸ್. ಕುಡ್ವ ಇವರ ದುಡಿಮೆಯಿಂದ ಸುರತ್ಕಲ್ಲಿನ ಕಡಲ ದಂಡೆಯಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಬಂತು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರೇ ಶಾಖೆಗಳಿಂದ ಅದು ಶುರುವಾಯಿತು. 1986ರಲ್ಲಿ ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಟ್ರಸ್ಟಿನ ಕಾಲೇಜು. ಕೊನೆಗೆ 2010ರಲ್ಲಿ ಬಂಟಕಲ್ಲು. ಶಿರ್ವದ ಹುಡುಗನೊಬ್ಬ ಎಂಜಿನಿಯರಿಂಗ್ ಕಲಿಯಲು ನಡೆಯಬೇಕಾದ ದೂರ ಅರುವತ್ತು ಚಿಲ್ಲರೆ ವರ್ಷಗಳಲ್ಲಿ ಗಿಂಡಿಯಿಂದ ಬಸ್ಸಿನ ಎರಡು ಸ್ಟಾಪಿಗೆ ಇಳಿಯಿತು.

ನಾನು ದುಡಿಯುತ್ತಿದ್ದ ಹಳೆಯ ಕಾಲದಲ್ಲಿ ಬೇಸಿಕ್ ಲ್ಯಾಬ್ ಎಂದು ಬೇರೆ ಕೋಣೆ ಇರುತ್ತಿರಲಿಲ್ಲ. ಮೆಷಿನ್ಸ್ ಲ್ಯಾಬಿನ ಒಂದು ಬದಿಯೇ ಅದು. ಎತ್ತರದ ಮಾಡು, ಸಿಮೆಂಟಿನ ಅಡಿಪಾಯಕ್ಕೆ ಬೋಲ್ಟು ಹಾಕಿ ಕೂರಿಸಿದ ಮೋಟಾರುಗಳು, ನೆಲದಲ್ಲಿ ಕೇಬಲ್ ಓಡುವ ಚರಂಡಿ, ಅದರ ಮೇಲೆ ಮುಚ್ಚಿದ ಕಬ್ಬಿಣದ ತಗಡು. ಡಿಸಿ ಬೇಕೆಂದರೆ ಎಂ.ಜಿ. ಸೆಟ್ ಓಡಿಸಬೇಕು. ಎಸಿ ಮೋಟಾರು ಒಂದು ಕಡೆ, ಅದಕ್ಕೆ ಜೋಡಿಸಿದ ಡಿಸಿ ಜನರೇಟರ್ ಇನ್ನೊಂದು ಕಡೆ. ಅದು ವೇಗ ಹಿಡಿಯುವಾಗ ಏರುವ ಸ್ವರ ಕೇಳಿಯೇ 220 ವೋಲ್ಟ್ ಬಂತೋ ಇಲ್ಲವೋ ಎಂದು ಹೇಳಬಲ್ಲ ಅಟೆಂಡರುಗಳಿದ್ದರು. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಬಂದು ಕಮ್ಯುಟೇಟರ್ ಒರೆಸಿ, ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿ, ರಿಯೋಸ್ಟಾಟಿನ ಜಾರುಕೊಂಡಿ ಸರಾಗ ಓಡುತ್ತದೆಯೇ ಪರೀಕ್ಷಿಸಿ ಇಡುತ್ತಿದ್ದವರು ಅವರು. ನಮ್ಮ ಕಡಲ ಗಾಳಿಯಲ್ಲಿ ಹಿತ್ತಾಳೆಯ ಟರ್ಮಿನಲ್ ಹಸಿರುಗಟ್ಟಲು ಒಂದು ಮಳೆಗಾಲ ಸಾಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೀಟರಿನ ಕಪಾಟಿನೊಳಗೆ ಒಂದು ಬಲ್ಬು ಉರಿಸಿಡುತ್ತಿದ್ದೆವು, ಫಂಗಸ್ ಹಿಡಿಯದಿರಲಿ ಎಂದು.

ಮೀಟರುಗಳು ಆಗ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಮೇಲೆ ಚರ್ಮದ ಹಿಡಿ, ಒಳಗೆ ಮುಳ್ಳು, ಮುಳ್ಳಿನ ಕೆಳಗೆ ತೆಳ್ಳನೆಯ ಕನ್ನಡಿ ಪಟ್ಟಿ. ಮುಳ್ಳೂ ಕನ್ನಡಿಯೊಳಗಿನ ಅದರ ನೆರಳೂ ಒಂದಾಗುವಂತೆ ಒಂದೇ ಕಣ್ಣಿನಲ್ಲಿ ನೇರ ಮೇಲಿನಿಂದ ನೋಡಿ ರೀಡಿಂಗ್ ತೆಗೆಯಬೇಕು. ಬದಿಯಿಂದ ನೋಡಿದರೆ ಲೆಕ್ಕ ತಪ್ಪುತ್ತದೆ. ವಾಟ್‌ಮೀಟರಿಗೆ ನಾಲ್ಕು ಕಿವಿ: ಎಂ, ಎಲ್, ಸಿ, ವಿ. ಎಂ‌-ಎಲ್ ಕರೆಂಟಿನದು, ಸಿ-ವಿ ವೋಲ್ಟೇಜಿನದು. ಎರಡು ವಾಟ್‌ಮೀಟರಿನ ಪ್ರಯೋಗದಲ್ಲಿ ಪವರ್ ಫ್ಯಾಕ್ಟರ್ 0.5ಕ್ಕಿಂತ ಕೆಳಗಿಳಿದಾಗ ಒಂದು ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಮೊದಲ ಸಲ ನೋಡಿದ ಮಕ್ಕಳು ಮೀಟರ್ ಹಾಳಾಯಿತೆಂದು ಹೆದರುತ್ತಿದ್ದರು. ಸಪ್ಲೈ ತೆಗೆದು, ಒಂದು ಕಾಯಿಲಿನ ತುದಿಗಳನ್ನು ಅದಲು ಬದಲು ಮಾಡಿ, ಬಂದ ರೀಡಿಂಗಿಗೆ ಮೈನಸ್ ಹಾಕಿ ಕೂಡಿಸಲು ಹೇಳಿದಾಗ ಮೊತ್ತ ಸರಿಯಾಗಿ ಕುಳಿತುಕೊಳ್ಳುತ್ತದೆ. ನೆಗೆಟಿವ್ ಸಂಖ್ಯೆ ಕಾಗದದಿಂದ ಎದ್ದು ಬಂದು ಮುಳ್ಳನ್ನು ತಳ್ಳುವುದನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ. ಡಿಜಿಟಲ್ ಮೀಟರ್ ಸದ್ದಿಲ್ಲದೆ ಒಂದು ಮೈನಸ್ ಗೀಟು ತೋರಿಸಿ ಮುಗಿಸುತ್ತದೆ.

ಆ ಲ್ಯಾಬಿನ ನಿಜವಾದ ಸಂಪ್ರದಾಯ ಕನೆಕ್ಷನ್ ಚೆಕ್ಕಿಂಗ್. ಬ್ಯಾಚಿನಲ್ಲಿ ನಾಲ್ಕು ಜನ. ಸರ್ಕ್ಯೂಟ್ ಬರೆದು, ವಯರುಗಳನ್ನು ಆರಿಸಿಕೊಂಡು, ಕೂದಲೆಳೆಯಂಥ ತಾಮ್ರದ ತುದಿ ಹರಡದಂತೆ ಹೊಸೆದು ಟರ್ಮಿನಲ್ಲಿಗೆ ಬಿಗಿದು ಕರೆಯುತ್ತಾರೆ. ನಾನು ಹೋಗಿ ನೋಡುವುದಲ್ಲ. ಅವರಲ್ಲೇ ಒಬ್ಬರು ಬೆರಳಿಟ್ಟು ಹೇಳಬೇಕು: ಇಲ್ಲಿಂದ ಫೇಸ್, ಫ್ಯೂಸ್ ದಾಟಿತು, ಅಮ್ಮೀಟರಿಗೆ ಬಂತು, ವಾಟ್‌ಮೀಟರಿನ ಎಂ, ಎಲ್‌ನಿಂದ ಲೋಡಿಗೆ, ಲೋಡಿನಿಂದ ನ್ಯೂಟ್ರಲ್. ಹೇಳುತ್ತಾ ಹೋದಂತೆ ತಪ್ಪು ಇದ್ದರೆ ಅವರಿಗೇ ಗೊತ್ತಾಗಿ ಮಾತು ನಿಲ್ಲುತ್ತದೆ. ತುಳುವಿನಲ್ಲಿ ಹೇಳಿದರೂ ಸರಿ, ಕೊಂಕಣಿಯಲ್ಲಿ ಹೇಳಿದರೂ ಸರಿ ಎನ್ನುತ್ತಿದ್ದೆ. ಆಮೇಲೆ ಡಿಮ್ಮರ್‌ಸ್ಟ್ಯಾಟ್ ಸೊನ್ನೆಯಲ್ಲಿದೆಯೇ, ರಿಯೋಸ್ಟಾಟ್ ಎಲ್ಲಿದೆ, ಕಾಲ ಕೆಳಗೆ ರಬ್ಬರ್ ಮ್ಯಾಟ್ ಇದೆಯೇ, ಕೈಯಲ್ಲಿ ಉಂಗುರ ಬಳೆ ತೆಗೆದಿದ್ದಾರೆಯೇ. ಇಷ್ಟಾದ ಮೇಲೆ ರಫ್ ಬುಕ್ಕಿನಲ್ಲಿ ಸಹಿ. ಸಹಿ ಬಿದ್ದ ಮೇಲೆ ಮೇನ್ ಸ್ವಿಚ್. ಮೇನ್ ಹಾಕುವವರು ‘ಹಾಕ್ತೇನೆ’ ಎಂದು ಗಟ್ಟಿಯಾಗಿ ಹೇಳಬೇಕು, ಉಳಿದ ಮೂವರು ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಮಣಿಪಾಲವಿರಲಿ, ಸುರತ್ಕಲ್ಲಿರಲಿ, ಪಾಲಿಟೆಕ್ನಿಕ್ಕಿರಲಿ, ಹಳೆಯ ಇನ್‌ಸ್ಟ್ರಕ್ಟರುಗಳನ್ನು ಕೇಳಿ ನೋಡಿ, ಎಲ್ಲರೂ ಇದೇ ಕ್ರಮ ಹೇಳುತ್ತಾರೆ. ಯಾವ ಪಠ್ಯಪುಸ್ತಕದಲ್ಲೂ ಈ ಕ್ರಮ ಹೀಗೆ ಬರೆದಿಲ್ಲ. ಬಾಯಿಂದ ಬಾಯಿಗೆ ಇಳಿದು ಬಂದದ್ದು.

ಲ್ಯಾಬಿನಲ್ಲಿ ಪಾಠ, ಮ್ಯಾನ್ಯುಯಲ್, ವೈವಾ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಇದ್ದದ್ದು ಗೋಡೆಯ ಮೇಲೆ ಮಾತ್ರ. ಒಂದು, ತಲೆಬುರುಡೆ ಮತ್ತು ಎರಡು ಎಲುಬಿನ ಚಿತ್ರವಿರುವ ಅಪಾಯದ ಫಲಕ. ಇನ್ನೊಂದು, ಶಾಕ್ ಹೊಡೆದವರಿಗೆ ಉಸಿರು ಬರಿಸುವುದು ಹೇಗೆಂದು ಚಿತ್ರ ಸಮೇತ ವಿವರಿಸುವ ಪಟ. ಇವೆರಡನ್ನೂ ಆಯಾ ಊರಿನ ಭಾಷೆಯಲ್ಲಿಯೂ ಹಾಕಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಹೇಳಿತ್ತು. ಬೆಂಚಿನಿಂದ ಬೆಂಚಿಗೆ ವಯರು ಒಯ್ಯುವ ಅಟೆಂಡರಿಗೂ ನೆಲ ಗುಡಿಸುವ ಹೆಂಗಸಿಗೂ ಓದಲು ಬರುವಂತೆ ಬರೆದ ಆ ಪಟದ ಕನ್ನಡ ಅಚ್ಚುಕಟ್ಟಾಗಿತ್ತು: ಮೊದಲು ಸಪ್ಲೈ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ ಮರದ ತುಂಡಿನಿಂದ ಬಿಡಿಸಿ. ಪ್ರತಿ ವರ್ಷ ಮೊದಲ ದಿನ ಒಬ್ಬ ವಿದ್ಯಾರ್ಥಿಯಿಂದ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದೆ.

ನಮ್ಮ ರಾಜ್ಯ ಏನೇನು ತಯಾರಿಸುತ್ತಿತ್ತು ಎಂದು ತಿಳಿಯಲು ಲ್ಯಾಬಿನ ಸ್ಟಾಕ್ ರಿಜಿಸ್ಟರಿಗಿಂತ ಒಳ್ಳೆಯ ಪುಸ್ತಕ ನಾನು ನೋಡಿಲ್ಲ. ಉದ್ದನೆಯ, ಬಟ್ಟೆಯ ಬೆನ್ನಿನ ಪುಸ್ತಕ. ತಾರೀಕು, ವಸ್ತು, ತಯಾರಕ, ಸೀರಿಯಲ್ ನಂಬರು, ಬೆಲೆ, ಕೊನೆಯ ಕಾಲಮ್ಮಿನಲ್ಲಿ ಷರಾ. ಮೋಟಾರು ಎಂದರೆ ಕಿರ್ಲೋಸ್ಕರ್. ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾದದ್ದು 1946ರಲ್ಲಿ, ಕೆಪಿಟಿಯ ವಯಸ್ಸೇ. ಟ್ರಾನ್ಸ್‌ಫಾರ್ಮರಿನ ಮೇಲೆ ಎನ್‌ಜಿಇಎಫ್ ಎಂಬ ಅಚ್ಚು. 1956ರಲ್ಲಿ ಜರ್ಮನಿಯ ಎಇಜಿ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ ಅದು. ಲ್ಯಾಂಪ್ ಬ್ಯಾಂಕಿನ ಬಲ್ಬುಗಳು 1936ರಲ್ಲಿ ಮಲ್ಲೇಶ್ವರದಲ್ಲಿ ಆರಂಭವಾದ ಮೈಸೂರು ಲ್ಯಾಂಪ್ಸಿನವು. ಎನ್‌ಜಿಇಎಫ್ ಮತ್ತು ಮೈಸೂರು ಲ್ಯಾಂಪ್ಸ್ ಎರಡೂ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿದವು. ಕಾರ್ಖಾನೆ ಸತ್ತ ಮೇಲೂ ಆ ಟ್ರಾನ್ಸ್‌ಫಾರ್ಮರುಗಳು ಓಪನ್ ಸರ್ಕ್ಯೂಟ್, ಶಾರ್ಟ್ ಸರ್ಕ್ಯೂಟ್ ಟೆಸ್ಟಿಗೆ ವರ್ಷ ವರ್ಷವೂ ಮೈಯೊಡ್ಡಿದವು. ಕೆಟ್ಟದ್ದೇ ಇಲ್ಲ.

ಪ್ರಯೋಗಗಳ ಪೈಕಿ ನನಗೆ ಅತಿ ಇಷ್ಟವಾದದ್ದು ಅರ್ತ್ ರೆಸಿಸ್ಟೆನ್ಸ್. ಅದೊಂದಕ್ಕೆ ಮಾತ್ರ ಲ್ಯಾಬಿನಿಂದ ಹೊರಗೆ ಹೋಗಬೇಕು. ಕೈಯಿಂದ ತಿರುಗಿಸುವ ಅರ್ತ್ ಟೆಸ್ಟರ್, ಉದ್ದದ ವಯರಿನ ಎರಡು ಸುರುಳಿ, ಎರಡು ಕಬ್ಬಿಣದ ಮೊಳೆ. ಕಟ್ಟಡದ ಅರ್ತ್ ಗುಂಡಿಯಿಂದ ನೇರ ಗೆರೆಯಲ್ಲಿ ದೂರಕ್ಕೆ ಒಂದು ಮೊಳೆ, ನಡುವೆ ಇನ್ನೊಂದು. ದೂರದ ಮೊಳೆಯಿಂದ ಕರೆಂಟ್ ಹರಿಸಿ, ನಡುವಿನ ಮೊಳೆಯಲ್ಲಿ ವೋಲ್ಟೇಜ್ ನೋಡಿ, ಮಣ್ಣು ಎಷ್ಟು ಓಮ್ ತಡೆ ಒಡ್ಡುತ್ತದೆ ಎಂದು ತಿಳಿಯುವುದು. ಪುಸ್ತಕದಲ್ಲಿ ಮೊಳೆ ಹೊಡೆಯುವುದು ಒಂದು ವಾಕ್ಯ. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಅರ್ಧ ಗಂಟೆಯ ಕೆಲಸ. ಮಾರ್ಚ್ ತಿಂಗಳಲ್ಲಿ ಸುತ್ತಿಗೆ ಎತ್ತಿ ಹೊಡೆದರೆ ಮೊಳೆಯೇ ಬಾಗುತ್ತದೆ. ಕೊಡಪಾನ ನೀರು ಹೊಯ್ದು, ನೆನೆಯಲು ಬಿಟ್ಟು, ಮತ್ತೆ ಹೊಡೆಯಬೇಕು. ಒಂದೇ ಗುಂಡಿಯನ್ನು ಜುಲೈಯಲ್ಲಿ ಅಳೆದರೆ ಒಂದು ಲೆಕ್ಕ, ಏಪ್ರಿಲಿನಲ್ಲಿ ಅಳೆದರೆ ಅದರ ಎಷ್ಟೋ ಪಾಲು ಹೆಚ್ಚು. ಮುರಕಲ್ಲು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆ ನಿಂತು ಸ್ವಲ್ಪ ಕಾಲಕ್ಕೇ ಒಣಗಿ ಕರೆಂಟಿಗೆ ದಾರಿ ಮುಚ್ಚುತ್ತದೆ. ಇದ್ದಿಲು, ಉಪ್ಪು ತುಂಬಿಸಿ ಗುಂಡಿ ಮಾಡುವುದು, ಬೇಸಿಗೆಯಲ್ಲಿ ಅದರ ಪೈಪಿಗೆ ನೀರು ಎರೆಯುವುದು ಇದಕ್ಕಾಗಿ.

ನಮ್ಮಲ್ಲಿ ಸಿಡಿಲು ಬರುವುದು ಯಾವಾಗ? ಮಳೆಗಾಲದ ಮುಂಚಿನ ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್. ಮೊದಲನೆಯದು ನೆಲ ಪೂರ್ತಿ ಒಣಗಿದ ಹೊತ್ತು. ಅರ್ತ್ ಅತಿ ದುರ್ಬಲವಾಗಿರುವಾಗಲೇ ಅದರ ಅಗತ್ಯ ಅತಿ ಹೆಚ್ಚು. ಅಡಕೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಜೀವ ಹೋದ ಸುದ್ದಿ ಪತ್ರಿಕೆಯಲ್ಲಿ ಬಂದಾಗೆಲ್ಲ ನಾನು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಟೆಸ್ಟರ್ ತಿರುಗಿಸಲು ಕೊಡುತ್ತಿದ್ದೆ. ಮನೆಗೆ ಹೋಗಿ ನಿಮ್ಮ ಅರ್ತ್ ಗುಂಡಿ ಎಲ್ಲಿದೆ ಎಂದು ಕೇಳಿ, ಅದಕ್ಕೆ ನೀರು ಎರೆಯಿರಿ ಎಂದು ಹೇಳಿ ಕಳಿಸುತ್ತಿದ್ದೆ. ಗುಂಡಿ ಎಲ್ಲಿದೆಯೆಂದು ಮನೆಯವರಿಗೇ ಗೊತ್ತಿರುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಅದರ ಮೇಲೆ ಇಂಟರ್‌ಲಾಕ್ ಹಾಸಿ ಆಗಿತ್ತು.

ಬಲ್ಬಿನ ಪ್ರಯೋಗ 2018ರ ಪಟ್ಟಿಯಲ್ಲಿ ಬಂದದ್ದು ಬಹಳ ಸರಿಯಾದ ಹೊತ್ತಿಗೆ. 1979ರ ಸುಮಾರಿಗೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದೊಂದು 40 ವಾಟಿನ ಬಲ್ಬು ಬಂತು. ಆಮೇಲೆ ಟ್ಯೂಬ್‌ಲೈಟು ಬಂತು. ಸಂಜೆ ವೋಲ್ಟೇಜ್ ಇಳಿದು ಅದು ಮಿಣಿಮಿಣಿ ಎನ್ನುತ್ತಾ ಹತ್ತಲು ಒದ್ದಾಡುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿದೆ. 2015ರಿಂದೀಚೆಗೆ ಉಜಾಲಾ ಯೋಜನೆಯ ಅಗ್ಗದ ಎಲ್‌ಇಡಿ. ಮೂರು ತಲೆಮಾರಿನ ದೀಪ ಒಂದೇ ಬೆಂಚಿನ ಮೇಲೆ. ತಾಮ್ರದ ಚೋಕಿನ 40 ವಾಟ್ ಟ್ಯೂಬು 0.43 ಆಂಪಿಯರ್ ಎಳೆಯುತ್ತದೆ. 60 ವಾಟಿನ ಬಲ್ಬು ಎಳೆಯುವುದು 0.26. ವಾಟು ಕಡಿಮೆ, ಕರೆಂಟು ಹೆಚ್ಚು, ಇದು ಹೇಗೆ? ಕ್ಲಾಸಿನಲ್ಲಿ ಪವರ್ ಫ್ಯಾಕ್ಟರ್ ಎಂದರೆ ಬಾಯಿಪಾಠ. ಇಲ್ಲಿ ಅಮ್ಮೀಟರೇ ಪ್ರಶ್ನೆ ಕೇಳುತ್ತದೆ. ಉತ್ತರ ಹುಡುಕಿದವನಿಗೆ ಮೆಸ್ಕಾಂ ಕಾರ್ಖಾನೆಗಳಿಗೆ ಪವರ್ ಫ್ಯಾಕ್ಟರ್ ದಂಡ ಯಾಕೆ ಹಾಕುತ್ತದೆ ಎಂಬುದೂ ತಿಳಿಯುತ್ತದೆ.

ಫ್ಯೂಸಿನ ಪ್ರಯೋಗಕ್ಕೆ ಬೇಕಾದದ್ದು ಗೇಣುದ್ದದ ತಂತಿ, ಒಂದು ಸ್ಟಾಪ್‌ವಾಚ್. 5 ಆಂಪಿಯರಿನ ಫ್ಯೂಸ್ ತಂತಿ 5ಕ್ಕೇ ಕರಗುವುದಿಲ್ಲ. ಸ್ವಲ್ಪ ಹೆಚ್ಚಿಸಿ, ಇನ್ನೂ ಹೆಚ್ಚಿಸಿ, ಒಂದೂವರೆ ಪಟ್ಟಿನ ಆಚೆ ಹೋದಂತೆ ತಂತಿ ಬಣ್ಣ ಬದಲಿಸುತ್ತದೆ, ನಡುವೆ ಕೆಂಪಾಗಿ ಜೋತು ಬೀಳುತ್ತದೆ, ಕಡಿಯುತ್ತದೆ. ಕರೆಂಟ್ ಹೆಚ್ಚಿದಷ್ಟೂ ಸಮಯ ಕಡಿಮೆ. ಊರಿನಲ್ಲಿ ಫ್ಯೂಸ್ ಹೋದಾಗಲೆಲ್ಲ ದಪ್ಪ ತಾಮ್ರದ ಎಳೆ ಸುತ್ತಿ ‘ಇನ್ನು ಹೋಗುವುದಿಲ್ಲ’ ಎನ್ನುವ ರೂಢಿಯಿತ್ತು. ಆ ಎಳೆ ಹೋಗುವುದಿಲ್ಲ ನಿಜ, ಅದರ ಬದಲು ಗೋಡೆಯೊಳಗಿನ ವಯರು ಹೋಗುತ್ತದೆ. ಈ ಪ್ರಯೋಗ ಮಾಡಿದ ಹುಡುಗಿಯೊಬ್ಬಳು ಮನೆಯ ಕಿಟ್‌ಕ್ಯಾಟ್ ಫ್ಯೂಸ್ ಬಿಚ್ಚಿ ನೋಡಿ ಅಪ್ಪನೊಡನೆ ಜಗಳವಾಡಿ ಸರಿ ತಂತಿ ಹಾಕಿಸಿದಳೆಂದು ಕೇಳಿ ನನಗೆ ಆದ ಸಂತೋಷ ಯಾವ ರ‍್ಯಾಂಕಿನ ಸುದ್ದಿಯಿಂದಲೂ ಆಗಲಿಲ್ಲ.

ಮೆಟ್ಟಿಲಿನ ಸ್ವಿಚ್ ಚಿಕ್ಕ ಪ್ರಯೋಗ, ಬೇಗ ಮುಗಿಯುತ್ತದೆ. ಆದರೆ ಅದರ ಟ್ರೂತ್ ಟೇಬಲ್ ಬರೆಸುವಾಗ ಒಂದು ಮಾತು ಹೇಳುವುದಿತ್ತು. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕ್ಲಾಡ್ ಶ್ಯಾನನ್ ಎಂಬ 21ರ ಹುಡುಗ ಸ್ವಿಚ್ಚುಗಳ ಜೋಡಣೆಗೂ ಬೂಲಿಯನ್ ಬೀಜಗಣಿತಕ್ಕೂ ಇರುವ ನಂಟನ್ನು ತನ್ನ ಎಂ.ಎಸ್. ಪ್ರಬಂಧದಲ್ಲಿ ತೋರಿಸಿದ. ಕಂಪ್ಯೂಟರಿನ ಲಾಜಿಕ್ ಸರ್ಕ್ಯೂಟುಗಳ ವಿನ್ಯಾಸ ನಿಂತಿರುವುದು ಆ ನಂಟಿನ ಮೇಲೆ. ನಮಗೆ ಎಲೆಕ್ಟ್ರಿಕಲ್ ಯಾಕೆ ಎಂದು ಕೇಳುವ ಕಂಪ್ಯೂಟರ್ ಶಾಖೆಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಶಿರ್ವದ ಮಕ್ಕಳಿಗೆ ವಿದ್ಯುತ್ತು ದೂರದ ವಿಷಯವೂ ಅಲ್ಲ. ನಮ್ಮದೇ ಕಾಪು ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಹೊಗೆ, ಹಾರುಬೂದಿ, ಮಲ್ಲಿಗೆ ಬೆಳೆ ಎಂದು ಅದರ ಸುತ್ತ ನಡೆದ ಹೋರಾಟಗಳನ್ನು ನೋಡುತ್ತಲೇ ಇವರು ಬೆಳೆದವರು. ಹೈಟೆನ್ಷನ್ ಟವರುಗಳು ಗದ್ದೆಗಳ ಮೇಲೆ ಹಾದು ಹೋಗುತ್ತವೆ. ಪರವಾಗಿ ಮಾತಾಡಲಿ, ವಿರೋಧವಾಗಿ ಮಾತಾಡಲಿ, ಮೆಗಾವಾಟ್ ಎಂದರೇನು, ಮೂರು ತಂತಿ ಯಾಕೆ ಎಂದು ತಿಳಿದು ಮಾತಾಡುವ ಯೋಗ್ಯತೆ ಕೊಡುವುದು ಬೇಸಿಕ್ ಲ್ಯಾಬ್.

ಆದ ಬದಲಾವಣೆಗಳೆಲ್ಲ ನನಗೆ ಒಪ್ಪಿಗೆಯಲ್ಲ. ಬಿಡಿ ಮೀಟರುಗಳ ಜಾಗಕ್ಕೆ ಈಗ ಪ್ಯಾನಲ್ ಬಂದಿದೆ. ಬಣ್ಣದ ಹಲಗೆಯ ಮೇಲೆ ಸರ್ಕ್ಯೂಟ್ ಮೊದಲೇ ಅಚ್ಚಾಗಿರುತ್ತದೆ, ಸಾಕೆಟ್ಟಿನಿಂದ ಸಾಕೆಟ್ಟಿಗೆ ಪ್ಯಾಚ್ ಕಾರ್ಡ್ ಚುಚ್ಚಿದರೆ ಆಯಿತು. ಶಾಕಿನ ಭಯ ಕಡಿಮೆ, ಎರಡು ಗಂಟೆಯಲ್ಲಿ ಮೂವತ್ತು ಜನರನ್ನು ಮುಗಿಸಬಹುದು. ಸುರಕ್ಷತೆಯ ಬಗ್ಗೆ ನನ್ನ ತಕರಾರಿಲ್ಲ. ತಪ್ಪಾದರೆ ತಾನೇ ಕರೆಂಟು ಕಡಿಯುವ ಎಂಸಿಬಿ, ಇಎಲ್‌ಸಿಬಿ ಬಂದದ್ದು ದೊಡ್ಡ ಉಪಕಾರ. ಆದರೆ ತಪ್ಪು ಜೋಡಿಸಲು ಆಗದ ಕಡೆ ಸರಿ ಜೋಡಿಸುವುದನ್ನು ಕಲಿಯಲೂ ಆಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ವರ್ಚುವಲ್ ಲ್ಯಾಬು ಬೇರೆ ದಾರಿಯಿಲ್ಲದೆ ಬಂತು. ಅದು ಹೋಗದೆ ಉಳಿದುಕೊಂಡಿತು. ಪರದೆಯ ಅಮ್ಮೀಟರ್ ಬಿಸಿಯಾಗುವುದಿಲ್ಲ, ಅದರ ಸ್ಕ್ರೂ ಸಡಿಲವಾಗುವುದಿಲ್ಲ, ಅದರಿಂದ ಸುಟ್ಟ ವಾಸನೆ ಬರುವುದಿಲ್ಲ. ಸಡಿಲ ಸ್ಕ್ರೂವಿನಿಂದಲೇ ಬೆಂಕಿ ಹತ್ತುವುದು ಎಂದು ಅದರಿಂದ ಯಾರು ಕಲಿತಾರು?

2018ರಲ್ಲಿ ಬಂದ ವ್ಯವಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. 2022ರ ಸ್ಕೀಮಿನಲ್ಲಿ ಎಲ್ಲ ಶಾಖೆಗಳಿಗೂ ಎಲೆಕ್ಟ್ರಿಕಲ್ ಕಡ್ಡಾಯ ಎಂಬುದು ಹೋಯಿತು. ಅದರ ಪರಿಚಯ ಪಾಠ ಬೇರೆ ಪರಿಚಯ ಪಾಠಗಳ ಸಾಲಿನಲ್ಲಿ ಆಯ್ಕೆಯ ವಿಷಯವಾಯಿತು. ಕಂಪ್ಯೂಟರ್ ಶಾಖೆಯ ಹುಡುಗನೊಬ್ಬ ಒಂದು ಸಲವೂ ವಾಟ್‌ಮೀಟರ್ ಮುಟ್ಟದೆ, ಫ್ಯೂಸ್ ಕರಗುವುದನ್ನು ನೋಡದೆ ಎಂಜಿನಿಯರ್ ಆಗಬಹುದು. ಇದು ತಪ್ಪು ತೀರ್ಮಾನ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಹೆಚ್ಚು ಬೇಡ, ವರ್ಷಕ್ಕೆ ಐದು ಮಧ್ಯಾಹ್ನ ಕೊಟ್ಟರೆ ಸಾಕು: ದೀಪ, ಫ್ಯೂಸ್, ಮೆಟ್ಟಿಲಿನ ಸ್ವಿಚ್, ಅರ್ತ್, ಮೂರು ಫೇಸ್. ಅಂಕ ಕೊಡದಿದ್ದರೂ ಅಡ್ಡಿಯಿಲ್ಲ, ಮಾಡಿಸಲಿ. ಪಠ್ಯದಲ್ಲಿ ಇಲ್ಲದ್ದನ್ನು ಮಾಡಿಸಬಾರದೆಂದು ಯಾವ ವಿಶ್ವವಿದ್ಯಾಲಯವೂ ಹೇಳಿಲ್ಲ.

ಕರಾವಳಿಯ ಕಾಲೇಜುಗಳ, ಪಾಲಿಟೆಕ್ನಿಕ್ಕುಗಳ, ಐಟಿಐಗಳ ವಿಭಾಗ ಮುಖ್ಯಸ್ಥರಲ್ಲಿ ಇನ್ನೊಂದು ವಿನಂತಿ. ಹಳೆಯ ಉಪಕರಣಗಳನ್ನು ಕಂಡೆಮ್ ಮಾಡಿ ಗುಜರಿಗೆ ಹಾಕುವಾಗ ತೂಕಕ್ಕೆ ಸಿಗುವ ತಾಮ್ರದ ದುಡ್ಡು ಬಹಳ ಚಿಕ್ಕದು. ಮರದ ಪೆಟ್ಟಿಗೆಯ ಒಂದು ಅಮ್ಮೀಟರ್, ಒಂದು ವಾಟ್‌ಮೀಟರ್, ಒಂದು ಅರ್ತ್ ಟೆಸ್ಟರ್ ತೆಗೆದಿಡಿ. ಅವುಗಳ ಜೊತೆ ಹಳೆಯ ಸ್ಟಾಕ್ ರಿಜಿಸ್ಟರುಗಳನ್ನು ಗ್ರಂಥಾಲಯದ ಒಂದು ಕಪಾಟಿಗೆ ಸೇರಿಸಿ. ಯಾವ ಅಟೆಂಡರ್ ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಕೋಣೆ ನೋಡಿಕೊಂಡರೆಂದು ಒಂದು ಹಾಳೆಯಲ್ಲಿ ಬರೆದು ಅದರೊಳಗಿಡಿ. ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ, ಈಗಲೇ ಕೇಳಿ ಬರೆದುಕೊಳ್ಳಿ.